ಪಂಕಜಳ ಗುಂಗುರು

ಅದು ಕೂದಲು ಸುಡುವ ವಾಸನೆಯಲ್ಲ, ಕ್ರೀಮಿನ ವಾಸನೆ ಎಂದು ಪಾರ್ಲರಿನ ಹುಡುಗಿ ಎರಡು ಸಲ ಹೇಳಿದ್ದರೂ ಚಿಕ್ಕಬೈರಪ್ಪನ ಮೂಗು ಒಪ್ಪಲಿಲ್ಲ. ಒಳಗೆ ಇನ್ಯಾರೋ ಹೆಂಗಸಿನ ತಲೆಯ ಮೇಲೆ ಕೆಲಸ ನಡೆದಿತ್ತು. ಮಗಳು ಶೃತಿಯ ಸರದಿ ಇನ್ನೂ ಬಂದಿರಲಿಲ್ಲ. ಆದರೂ ಗಾಜಿನ ಬಾಗಿಲು ತೆರೆದು ಮುಚ್ಚಿದಾಗೆಲ್ಲ ಆ ಕಮಟು ಹೊರಗೆ ನುಸುಳಿ, ಮೆಟ್ಟಿಲ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ ಅವನ ಗಂಟಲಿಗೆ ಇಳಿಯುತ್ತಿತ್ತು. ಮೊದಲು ಅವನು ಒಳಗೇ ಕೂರಲು ಹೋಗಿದ್ದ. ಸೋಫಾದ ಮೇಲಿದ್ದ ಇಬ್ಬರು ಹೆಂಗಸರು ಮಾತು ನಿಲ್ಲಿಸಿದರು. ಒಬ್ಬಾಕೆ ಮೊಣಕಾಲವರೆಗೆ ಎತ್ತಿಕೊಂಡಿದ್ದ ಸೀರೆಯನ್ನು ಸರಕ್ಕನೆ ಕೆಳಗೆಳೆದುಕೊಂಡಳು. ಕೌಂಟರಿನ ಹುಡುಗಿ ಎದ್ದು ಬಂದು, "ಅಂಕಲ್, ಇಲ್ಲಿ ಜೆಂಟ್ಸ್ ಕೂರೋ ಹಾಗಿಲ್ಲ. ಮನೆಗೆ ಹೋಗ್ಬಿಡಿ, ಮುಗಿದ್ಮೇಲೆ ಮೇಡಂ ಕಾಲ್ ಮಾಡ್ತಾರೆ. ಸಾಯಂಕಾಲ ಆಗುತ್ತೆ," ಎಂದಳು. ಅವನು ಹೋಗಲಿಲ್ಲ. ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಕಾರಿಗೆ ಜಾಗ ಸಿಕ್ಕಿದೆ, ತೆಗೆದರೆ ಮತ್ತೆ ಸಿಗುವುದಿಲ್ಲ ಎಂದು ತನಗೆ ತಾನೇ ಕಾರಣ ಕೊಟ್ಟುಕೊಂಡು ಈ ಕುರ್ಚಿಯಲ್ಲಿ ಕೂತ. ಮೆಟ್ಟಿಲು ಹತ್ತಿ ಬಂದವರೆಲ್ಲ ಅವನನ್ನು ಸೆಕ್ಯೂರಿಟಿಯವನೆಂದುಕೊಂಡು ಬಾಗಿಲು ತೆಗೆಯಲೆಂದು ಒಂದು ಗಳಿಗೆ ನಿಲ್ಲುತ್ತಿದ್ದರು. ಮೂರನೆಯವಳು ಬಂದಾಗ ಅವನು ಎದ್ದು ಬಾಗಿಲು ತೆಗೆದೇಬಿಟ್ಟ. ಆಕೆ "ಥ್ಯಾಂಕ್ಸ್ ಅಣ್ಣ" ಎಂದು ಒಳಗೆ ಹೋದಳು. ಇಟ್ಟಮಡುವಿನಲ್ಲಿ ಸ್ವಂತ ಕಟ್ಟಡವಿರುವ, ಬಾಡಿಗೆಯವರೆಲ್ಲ ಯಜಮಾನರೇ ಎಂದು ಕರೆಯುವ ತನಗೆ ಸಿಟ್ಟು ಬರಬೇಕಿತ್ತು ಅನ್ನಿಸಿತು. ಬರಲಿಲ್ಲ. ಬೆಳಿಗ್ಗೆಯಿಂದ ಒಂದೇ ಸಂಗತಿ ಅವನ ಎದೆಯಲ್ಲಿ ಅಡ್ಡಡ್ಡ ಕೂತಿತ್ತು, ಬೇರೆ ಯಾವುದಕ್ಕೂ ಜಾಗ ಇರಲಿಲ್ಲ.

ಬರುವ ಭಾನುವಾರ ಶೃತಿಯ ನಿಶ್ಚಿತಾರ್ಥ. ಹುಡುಗ ಪ್ರಸನ್ನ ಜೆ.ಪಿ. ನಗರದವನು, ಮಾತು ಕಮ್ಮಿ, ನಗು ಜಾಸ್ತಿ. ಹೆಣ್ಣು ನೋಡಲು ಬಂದ ದಿನ ಅವನ ತಾಯಿ ಕಾಫಿ ಲೋಟ ಕೆಳಗಿಟ್ಟು, ಶೃತಿಯ ಬೆನ್ನು ಸವರುತ್ತ, "ಹುಡುಗಿ ಲಕ್ಷಣವಾಗಿದ್ದಾಳೆ. ಕೂದಲೊಂದು ಸ್ವಲ್ಪ… ಪರವಾಗಿಲ್ಲ ಬಿಡಿ, ಈಗ ಏನೇನೋ ಬಂದಿದೆಯಲ್ಲ," ಎಂದಿದ್ದರು. ಚಿಕ್ಕಬೈರಪ್ಪನ ತಾಯಿ ಲಕ್ಷ್ಮಮ್ಮ ಆ ಮಾತನ್ನು ಪ್ರಸಾದದ ಹಾಗೆ ಕಣ್ಣಿಗೊತ್ತಿಕೊಂಡಳು. "ಅದು ನಮ್ಮ ಕಡೆ ಕೂದ್ಲಲ್ಲ ಕಣಮ್ಮ, ಅವರಮ್ಮನ ಕಡೇದು," ಎಂದಳು. ಹುಡುಗಿಯ ತಾಯಿ ಗಂಡನನ್ನು ಬಿಟ್ಟು ತವರಿನಲ್ಲಿದ್ದಾಳೆಂದು ಮಧ್ಯಸ್ಥರು ಮೊದಲೇ ತಿಳಿಸಿದ್ದರಿಂದ ಯಾರೂ ಮುಂದೆ ಕೇಳಲಿಲ್ಲ. ಆದರೆ 'ಅವರಮ್ಮ' ಎನ್ನುವ ಮಾತು ಆ ನಡುಮನೆಗೆ ಬಹಳ ವರ್ಷಗಳ ಮೇಲೆ ಕಾಲಿಟ್ಟಿತ್ತು, ಅದೂ ಕೂದಲಿನ ಹಿಂದೆ ಮುಖ ಮರೆಸಿಕೊಂಡು. ಚಿಕ್ಕಬೈರಪ್ಪ ಬಿಸ್ಕತ್ತಿನ ತಟ್ಟೆಯನ್ನು ಯಾರ ಕಡೆಗೂ ಅಲ್ಲದ ಕಡೆಗೆ ಚಾಚಿ ಹಾಗೇ ಹಿಡಿದುಕೊಂಡಿದ್ದ. ಆ ವಾರವೇ ಶೃತಿ ಊಟಕ್ಕೆ ಕೂತಾಗ, "ಅಪ್ಪ, ಸ್ಟ್ರೇಟನಿಂಗ್ ಮಾಡಿಸ್ಕೋತೀನಿ," ಎಂದಳು. ಲಕ್ಷ್ಮಮ್ಮ "ಈಗ ಬುದ್ಧಿ ಬಂತು ನೋಡು" ಎಂದು ಮೊಮ್ಮಗಳ ಮುದ್ದೆಗೆ ಇನ್ನೊಂದು ಸೌಟು ಸಾರು ಬಿಟ್ಟಳು. ಅವನು ತಲೆಯೆತ್ತದೆ ಉಣ್ಣುತ್ತಿದ್ದ. ಉಂಡದ್ದು ಏನು ಎಂದು ಎದ್ದ ಮೇಲೆ ನೆನಪಾಗಲಿಲ್ಲ.

ಶೃತಿಗೆ ಆಗ ಎರಡನೇ ಕ್ಲಾಸು. ಹೆಂಡತಿ ಪಂಕಜ ಮನೆ ಬಿಟ್ಟು ಹೋದ ಮೇಲೆ ಮಗುವಿನ ತಲೆ ಬಾಚುವ ಕೆಲಸ ಲಕ್ಷ್ಮಮ್ಮನ ಪಾಲಿಗೆ ಬಂದಿತ್ತು. ಒಣಗಿದ ತಲೆಗೆ ಬಾಚಣಿಗೆ ಇಟ್ಟು ನೆತ್ತಿಯಿಂದ ಕೆಳಕ್ಕೆ ಎಳೆಯುತ್ತಿದ್ದಳು. ಮಗು ಕಿರುಚುತ್ತಿತ್ತು. "ಇವರಮ್ಮನ ಹಠ ಎಲ್ಲಾ ಈ ತಲೇಲೇ ಐತೆ," ಎಂದು ಇನ್ನೊಂದು ಸಲ ಎಳೆಯುತ್ತಿದ್ದಳು. ಒಂದು ದಿನ ಬಾಚಣಿಗೆಯ ಹಲ್ಲು ಮುರಿದು ಮಗುವಿನ ಕಿವಿಯ ಹಿಂದೆ ರಕ್ತ ಬಂತು. ಅವತ್ತು ಚಿಕ್ಕಬೈರಪ್ಪ ಮಗುವನ್ನು ಎತ್ತಿಕೊಂಡು ಮಹಡಿಗೆ ಹೋದ. ಮಾರನೆಯ ಬೆಳಿಗ್ಗೆಯಿಂದ ಅವನೇ ಬಾಚತೊಡಗಿದ. ಯಾರೂ ಅವನಿಗೆ ಕಲಿಸಿದ್ದಲ್ಲ. ಮಹಡಿಯ ಮೇಲೆ ಪಂಕಜ ತಲೆಗೆ ನೀರು ಹಾಕಿಕೊಂಡು ಬಂದು ಬಿಸಿಲಿಗೆ ಬೆನ್ನು ಕೊಟ್ಟು ಕೂರುತ್ತಿದ್ದುದನ್ನು, ತಾನು ಪೇಪರ್ ಹಿಡಿದುಕೊಂಡು ಅದರ ಮೇಲಂಚಿನಿಂದ ನೋಡುತ್ತಿದ್ದುದನ್ನು ನೆನಪು ಮಾಡಿಕೊಂಡ. ಕೂದಲು ಹಸಿಯಾಗಿರಬೇಕು. ತುದಿಯಿಂದ ಶುರು ಮಾಡಿ ಮೇಲಕ್ಕೆ ಬರಬೇಕು. ಬೆರಳಲ್ಲೇ ಬಿಡಿಸಬೇಕು, ಬೈಯಬಾರದು. ಅವಳು ಒಂದೊಂದು ಸಿಕ್ಕನ್ನೂ ಬೆರಳ ತುದಿಯಲ್ಲಿ ಸಮಾಧಾನ ಮಾಡುವ ಹಾಗೆ ಬಿಡಿಸುತ್ತಿದ್ದಳು. ಬಿಡಿಸಿದ ಎಳೆ ಒಂದು ಕ್ಷಣ ನೆಟ್ಟಗಾಗಿ, ಕೈಬಿಟ್ಟೊಡನೆ ಮತ್ತೆ ಸುರುಳಿಯಾಗಿ ಮೇಲೆ ಹಾರುತ್ತಿತ್ತು. ಮಗಳ ತಲೆಯಲ್ಲೂ ಅದು ಹಾಗೇ ಹಾರಿತು. ಹಾರಿದ ಮೊದಲ ದಿನ ಅವನು ಆ ಎಳೆಯನ್ನು ಮತ್ತೊಮ್ಮೆ ಎಳೆದು ಬಿಟ್ಟು ನೋಡಿದ್ದ. ಅವನು ಹೆಂಡತಿಯ ಕೂದಲನ್ನು ಹಗಲು ಹೊತ್ತಿನಲ್ಲಿ ಒಮ್ಮೆಯೂ ಮುಟ್ಟಿದವನಲ್ಲ. ಆ ಮನೆಯಲ್ಲಿ ಅಂಥ ಹಗಲುಗಳಿರಲಿಲ್ಲ. ಈಗ ದಿನಾ ಬೆಳಿಗ್ಗೆ, ಸ್ಕೂಲಿನ ವ್ಯಾನು ಬರುವ ಮುಂಚೆ, ಯಾರೂ ಬೇಡವೆನ್ನಲಾಗದ ಒಂದು ಕೆಲಸದ ನೆಪದಲ್ಲಿ ಅದು ಅವನ ಬೆರಳಿಗೆ ಸಿಗುತ್ತಿತ್ತು. ಶೃತಿ ಪಿಯುಸಿಗೆ ಸೇರಿದ ವರ್ಷ, "ನಾನೇ ಮಾಡ್ಕೋತೀನಿ ಬಿಡಪ್ಪ," ಎಂದು ಕೋಣೆಯ ಬಾಗಿಲು ಹಾಕಿಕೊಂಡಳು. ಅಂಗೈಯಲ್ಲಿ ಕೊಬ್ಬರಿ ಎಣ್ಣೆ ಇತ್ತು. ಎಲ್ಲಿ ಒರೆಸುವುದು ತಿಳಿಯದೆ ತನ್ನ ಬೋಳು ನೆತ್ತಿಗೆ ಸವರಿಕೊಂಡು ಕೆಳಗಿಳಿದಿದ್ದ.

ಹುರಳಿ ಬಿತ್ತುತ್ತಿದ್ದ ಹೊಲದಲ್ಲಿ ಮೂರಂತಸ್ತಿನ ಮನೆ ಎದ್ದು ಗೃಹಪ್ರವೇಶವಾದ ದಿನ ಪಂಕಜ ಮುಂಜಾನೆಯೇ ತಲೆಗೆ ಸ್ನಾನ ಮಾಡಿ, ಒಣಗಲೆಂದು ಕೂದಲು ಬಿಟ್ಟುಕೊಂಡು ಓಡಾಡುತ್ತಿದ್ದಳು. ಅರಿಶಿನದ ರೇಷ್ಮೆ ಸೀರೆಯ ಮೇಲೆ ಆ ಕರಿ ಗುಂಗುರು ಒಂದು ಮೋಡದ ಹಾಗೆ ಅವಳ ಹಿಂದೆ ಹಿಂದೆ ಬರುತ್ತಿತ್ತು. ಅವನು ಶಾಮಿಯಾನದವನ ಜೊತೆ ನಿಂತಿದ್ದರೂ ಅವಳು ಎಲ್ಲಿದ್ದಾಳೆಂದು ತಿರುಗದೆಯೇ ಗೊತ್ತಾಗುತ್ತಿತ್ತು. ಪೂಜೆಗೆ ಕೂರುವ ಹೊತ್ತಿಗೆ ಲಕ್ಷ್ಮಮ್ಮ ಎಲ್ಲರ ಮುಂದೆ ಸೊಸೆಯ ಭುಜ ಹಿಡಿದು ನಿಲ್ಲಿಸಿದಳು. "ಹಿಂಗೆ ಕೆದ್ರುಕೊಂಡು ಕೂತ್ಕೊಂತೀಯೇನೇ? ಮೈಮೇಲೆ ಮಾರಮ್ಮ ಬಂದೋಳ ಥರ ಕಾಣ್ತೀಯ. ನೋಡ್ದೋರು ಏನಂತಾರೆ?" ಹರಳೆಣ್ಣೆ ಬಾಟಲಿ ಬಂತು. ನಡುಮನೆಯಲ್ಲೇ ಮಣೆ ಹಾಕಿ ಕೂರಿಸಿ, ಲಕ್ಷ್ಮಮ್ಮನೂ ಅವಳ ಓರಗಿತ್ತಿಯೂ ಸೇರಿ ಎಣ್ಣೆ ಸುರಿದು, ತಟ್ಟಿ ತಟ್ಟಿ ತಲೆಗೆ ಅಂಟಿಸಿ, ಕಣ್ಣು ಮೇಲೆಳೆಯುವಷ್ಟು ಬಿಗಿಯಾಗಿ ಹೆಣೆದರು. ಯಾರೋ ಏನೋ ಚೇಷ್ಟೆ ಮಾಡಿದರು, ನೆರೆದವರು ನಕ್ಕರು. ಚಿಕ್ಕಬೈರಪ್ಪನೂ ನಕ್ಕ. ನಗಬೇಕೆಂದು ನಕ್ಕದ್ದಲ್ಲ, ಎಲ್ಲರ ಬಾಯಿ ಬಿಚ್ಚಿದಾಗ ತನ್ನದೊಂದು ಮುಚ್ಚಿಕೊಂಡಿರುವುದು ಹೇಗೆಂದು ತಿಳಿಯದೆ ನಕ್ಕ. ಅದೇ ಹೊತ್ತಿಗೆ ಪಂಕಜ ತಲೆಯೆತ್ತಿ ಅವನನ್ನು ನೋಡಿದಳು. ಮಧ್ಯಾಹ್ನ ಬಡಿಸುವಾಗ ಎಣ್ಣೆ ಅವಳ ಹಣೆಯಿಂದ ಇಳಿದು ಕಿವಿಯ ಮುಂದೆ ಜಿನುಗಿ ರವಿಕೆಯ ಕತ್ತು ಕಪ್ಪಾಗಿತ್ತು. ಅವನ ಎಲೆಗೆ ಪಾಯಸ ಬಡಿಸಿ ಮುಂದಕ್ಕೆ ಹೋದಳು.

ಅವಳು ಮನೆ ಬಿಟ್ಟದ್ದು ಅವತ್ತಲ್ಲ. ಆಮೇಲೆ, ಮಳೆಗಾಲ ಹಿಡಿದ ಮೇಲೆ, ಹಾಲು ಉಕ್ಕಿತೆಂದೋ ಅನ್ನ ಸೀಯಿತೆಂದೋ ಎದ್ದ ಒಂದು ಮಾತಿಗೆ. ಬ್ಯಾಗು ಹಿಡಿದು ಹೊಸಿಲ ಹತ್ತಿರ ನಿಂತು, "ಸ್ವಲ್ಪ ದಿನ ಅಮ್ಮನ ಮನೇಲಿ ಇದ್ದು ಬರ್ತೀನಿ ರೀ," ಎಂದಳು. ಅವನು ಬೋರ್‌ವೆಲ್ ಮೋಟಾರಿನ ಸ್ವಿಚ್ಚು ರಿಪೇರಿ ಮಾಡುತ್ತಿದ್ದ. "ನಿನ್ನಿಷ್ಟ," ಎಂದ. ಅವಳು ಆ ಮೇಲೂ ಬಹಳ ಹೊತ್ತು ನಿಂತಿದ್ದಳು. ಮಗುವನ್ನು ಕರೆದುಕೊಳ್ಳಲು ಹೋದಾಗ ಲಕ್ಷ್ಮಮ್ಮ, "ಹೋಗೋಳು ಹೋಗ್ಲಿ, ನಮ್ಮನೆ ಮಗು ನಮ್ಮನೇಲಿ ಇರ್ತದೆ," ಎಂದು ಶೃತಿಯನ್ನು ಒಳಗೆ ಎಳೆದುಕೊಂಡಳು. ಆಗಲೂ ಅವನ ಕೈಯಲ್ಲಿ ಸ್ಕ್ರೂ ಡ್ರೈವರ್ ಇತ್ತು. ತವರು ಗಿರಿನಗರ. ದೂರವೇನಲ್ಲ, ನಡೆದೇ ಹೋಗಬಹುದು. ಇಷ್ಟು ಹತ್ತಿರಕ್ಕೆ ಹೋದವಳನ್ನು ಕರೆಯಲು ಹೋಗುವುದೇನು, ತಾನಾಗೇ ಬರುತ್ತಾಳೆ ಎಂದು ಮನೆಯಲ್ಲಿ ಹೇಳಿದರು. ಅವನೂ ಕಾದ. ಒಂದು ಸಂಜೆ ತಡೆಯಲಾಗದೆ ಅವಳ ಬೀದಿಯ ಮೂಲೆಯವರೆಗೆ ಹೋದ. ಬಸ್ ಸ್ಟಾಪಿನಲ್ಲಿ ಪಂಕಜ ನಿಂತಿದ್ದಳು, ತಲೆ ಬಿಟ್ಟುಕೊಂಡು. ಬೀದಿಯಲ್ಲಿ ಅವಳ ಕೂದಲು ಬಿಚ್ಚಿದ್ದನ್ನು ಅವನು ನೋಡಿದ್ದು ಅದೇ ಮೊದಲು. ಗಾಳಿಗೆ ಅದು ಮುಖದ ಮೇಲೆ ಬಂದು ಬೀಳುತ್ತಿತ್ತು. ಅವಳು ಸರಿಸದೆ, ತನ್ನಷ್ಟಕ್ಕೆ ಏನನ್ನೋ ನೆನೆದು ಮುಗುಳ್ನಗುತ್ತಿದ್ದಳು. ತನ್ನ ಮನೆಯಲ್ಲಿ ಅವಳು ಯಾವತ್ತೂ ಹಾಗೆ ನಿಂತದ್ದಿಲ್ಲ ಅನ್ನಿಸಿದ್ದೇ ಅವನ ಕಾಲು ಮುಂದೆ ಹೋಗಲಿಲ್ಲ. ಪಕ್ಕದ ಬೇಕರಿಗೆ ನುಗ್ಗಿ, ಬೇಡದ ದಿಲ್‌ಪಸಂದ್ ಕೊಂಡು, ಬಸ್ಸು ಬಂದು ಅವಳನ್ನು ಹತ್ತಿಸಿಕೊಂಡು ಹೋಗುವವರೆಗೂ ತಿನ್ನುತ್ತ ನಿಂತಿದ್ದ. ಮತ್ತೆ ಆ ಕಡೆ ಹೋಗಲಿಲ್ಲ. ಗಾಳಿಗೆ ಹಾರುವ ಆ ತಲೆ ಮಾತ್ರ ಅವನ ಜೊತೆ ಬಂತು, ಇಷ್ಟು ವರ್ಷವೂ ಇತ್ತು, ಅಲ್ಲಿ ಈಗಲೂ ಗಿರಿನಗರದ ಯಾವುದೋ ಬೀದಿಯಲ್ಲಿ ಅದು ಹಾಗೇ ಹಾರುತ್ತಿದೆ ಎಂದು ಅವನು ನಂಬಿದ್ದ.

"ಅಪ್ಪ."

ಬಾಗಿಲಲ್ಲಿ ಶೃತಿ ನಿಂತಿದ್ದಳು. ಭುಜದ ಮೇಲೆ ಟವೆಲು. ಕೂದಲು ತೊಳೆದು ತಂದಿದ್ದರು. ಒದ್ದೆಯಾದ ಸುರುಳಿಗಳು ಒಂದರ ಪಕ್ಕ ಒಂದು ಬೆನ್ನು ತುಂಬ ಇಳಿದು, ತುದಿಗಳಲ್ಲಿ ಹನಿ ಕಟ್ಟಿತ್ತು. ಚಿಕ್ಕಬೈರಪ್ಪ ತನಗೆ ತಿಳಿಯದೆಯೇ ಎದ್ದು ನಿಂತ. ಅವಳ ಹಿಂದೆ ಕಪ್ಪು ಏಪ್ರನ್ನಿನ ಒಬ್ಬ ಹುಡುಗಿ ಬಂದಳು, ಎದೆಯ ಮೇಲಿನ ಪಟ್ಟಿಯಲ್ಲಿ ಭಾಗ್ಯಜ್ಯೋತಿ ಎಂದು ಹೆಸರಿತ್ತು. ಮಾತು ಉತ್ತರ ಕರ್ನಾಟಕದ್ದು.

"ಯಜಮಾನ್ರ, ಈಗ ಕ್ರೀಮ್ ಹಚ್ಚತೀವಿ. ಹಚ್ಚಿದ ಮ್ಯಾಲ ಈ ಕೂದ್ಲಾ ಮತ್ತ ಮೊದಲಿನಂಗ ಆಗಂಗಿಲ್ಲರೀ. ಬುಡದಿಂದ ಹೊಸಾದು ಬೆಳೀಬೇಕು. ಇಷ್ಟ್ ಚಂದ ಗುಂಗುರು ಐತಿ ನೋಡ್ರಿ, ಅದಕ್ಕ ಮೇಡಮ್ಮಾರಿಗೆ ಅಂದೆ, ಒಮ್ಮೆ ಮನಿಯವ್ರನ್ನ ಕೇಳಿ ಬರ್ರಿ ಅಂತ," ಎಂದು ಹೇಳಿ ಅವಳು ಒಳಗೆ ಹೋದಳು.

ತಂದೆ ಮಗಳು ಮೆಟ್ಟಿಲ ಬಾಯಲ್ಲಿ ನಿಂತರು. ಕೆಳಗಿನ ಬೀದಿಯಿಂದ ಆಟೋಗಳ ಸದ್ದು ಬರುತ್ತಿತ್ತು.

"ನೀನು ಏನೂ ಹೇಳ್ಲೇ ಇಲ್ವಲ್ಲಪ್ಪ," ಎಂದಳು ಶೃತಿ.

"ನಾನೇನು ಹೇಳ್ಲಿ?"

"ಏನಾದ್ರೂ. ಬೆಳಿಗ್ಗೆಯಿಂದ ಮುಖ ಹಿಂಗಿಟ್ಕೊಂಡಿದ್ದೀಯ."

"ವಾಸನೆಗೆ ಕಣಮ್ಮ." ಆಮೇಲೆ ಧೈರ್ಯ ಮಾಡಿ, "ಪ್ರಸನ್ನನ ಅಮ್ಮ ಅಂದ್ರು ಅಂತ ಮಾಡಿಸ್ತಿದ್ದೀಯಾ?" ಎಂದ.

"ಅಯ್ಯೋ, ಅವರಿಗ್ಯಾಕೆ? ಪ್ರಸನ್ನಂಗೆ ಇದು ಇಷ್ಟಾನೇ ಇಲ್ಲ. ಕರ್ಲಿನೇ ಸಖತ್ತಾಗಿದೆ ಅಂತಾನೆ."

"ಮತ್ತೆ?"

ಅವಳು ಟವೆಲಿನ ತುದಿಯಿಂದ ಕತ್ತು ಒರೆಸಿಕೊಂಡಳು. "ಅಮ್ಮ ಹೇಳಿದ್ಳು. 'ನನ್ನ ತಲೆ ಹೊತ್ಕೊಂಡು ಇನ್ನೊಂದು ಮನೆಗೆ ಹೋಗ್ಬೇಡ, ಅದರಿಂದ ನಾನು ಪಟ್ಟಿದ್ದೇ ಸಾಕು' ಅಂದ್ಳು."

ಅವನಿಗೆ ಕೂಡಲೇ ಮಾತು ಅರ್ಥವಾಗಲಿಲ್ಲ. ಅಮ್ಮ ಎಂದರೆ ಯಾವ ಅಮ್ಮ ಎಂದು ಕೇಳುವವನಿದ್ದ. "ನೀನು… ಹೋಗ್ತೀಯಾ ಅಲ್ಲಿಗೆ?"

"ಡಿಗ್ರಿ ಓದೋವಾಗ್ಲಿಂದ. ನಿಂಗೆ ಹೇಳಿದ್ರೆ ಅಜ್ಜಿಗೆ ಗೊತ್ತಾಗುತ್ತೆ ಅಂತ ಹೇಳ್ಲಿಲ್ಲ."

"ಹೆಂಗಿದ್ದಾಳೆ?" ಎಂದು ಕೇಳಬೇಕಿತ್ತು. ಚೆನ್ನಾಗಿದ್ದಾಳಾ, ಏನು ಮಾಡ್ತಾಳೆ, ನನ್ನ ವಿಷಯ ಕೇಳ್ತಾಳಾ. ಅವನ ಬಾಯಿಂದ ಬಂದದ್ದು, "ಅವಳ ಕೂದ್ಲು…" ಎಂದಷ್ಟೇ. ಹೇಳಿ, ನಾಚಿಕೆಯಿಂದ ಕಿವಿ ಬಿಸಿಯಾಯಿತು.

ಶೃತಿ ಅವನನ್ನು ವಿಚಿತ್ರವಾಗಿ ನೋಡಿದಳು. "ಅಮ್ಮಂದೆಲ್ಲಿದೆ ಕೂದ್ಲು? ನಾನು ಹೋಗೋ ಹೊತ್ಗೆ ಇರ್ಲೇ ಇಲ್ಲ. ನಮ್ಮನೆ ಬಿಟ್ಟ ವರ್ಷಾನೇ ಕತ್ತರಿಸಿ ಹಾಕಿದ್ಳಂತೆ. ಇಷ್ಟಿಷ್ಟೇ ಇದೆ, ಗಂಡುಮಕ್ಕಳ ಥರ. ಎಲ್ಲಾ ಬೆಳ್ಳಗಾಗಿದೆ."

ಗಿರಿನಗರದ ಬೀದಿಯಲ್ಲಿ ಗಾಳಿ ನಿಂತುಹೋಯಿತು. ತಾನು ಬೇಕರಿಯಲ್ಲಿ ನಿಂತು ನೋಡಿದ ಆ ತಲೆ, ಅದಾದ ಕೆಲವೇ ದಿನಗಳಿಗೋ ವಾರಗಳಿಗೋ ಯಾವುದೋ ಅಂಗಡಿಯ ನೆಲದ ಮೇಲೆ ಬಿದ್ದು ಗುಡಿಸಿಹೋಗಿತ್ತು. ಇಷ್ಟು ವರ್ಷ ಅವನು ಹಾರಿಸುತ್ತಿದ್ದುದು ಎಲ್ಲೂ ಇಲ್ಲದ್ದನ್ನು. ಇದ್ದದ್ದು ಇಲ್ಲಿ, ಇದೊಂದೇ ಕಡೆ, ಎದುರಿಗೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ, ನೀರು ತೊಟ್ಟಿಕ್ಕುತ್ತ.

"ಒಂದು ಮಾತು ಹೇಳ್ಲಾಪ್ಪ? ಬೇಜಾರು ಮಾಡ್ಕೋಬೇಡ," ಎಂದಳು ಶೃತಿ, ದನಿ ತಗ್ಗಿಸಿ. "ನನ್ನ ತಲೆ ನೋಡಿದ್ರೆ ಅಜ್ಜಿಗೆ ಅಮ್ಮ ಕಾಣ್ತಾಳೆ, ಬೈತಾಳೆ. ನಿಂಗೂ ಅಮ್ಮಾನೇ ಕಾಣ್ತಾಳೆ. ಚಿಕ್ಕೋಳಿದ್ದಾಗ ನೀನು ತಲೆ ಬಾಚ್ತಾ ಒಂದು ಮಾತೂ ಆಡ್ತಿರ್ಲಿಲ್ಲ. ನೀನಲ್ಲಿ ಇಲ್ಲ ಅಂತ ನಂಗೆ ಆಗ್ಲೇ ಗೊತ್ತಾಗ್ತಿತ್ತು. ಮಾತಾಡಿಸಿದ್ರೆ ನಿಲ್ಲಿಸಿಬಿಡ್ತೀಯ ಅಂತ ನಾನೂ ಸುಮ್ಮನೆ ಕೂತಿರ್ತಿದ್ದೆ. ಎಲ್ಲರಿಗೂ ಅಮ್ಮನೇ ಕಂಡ್ರೆ ನಾನೆಲ್ಲಿ ಕಾಣ್ತೀನಪ್ಪ?"

ಅವಳು ಕಾದಳು. ಅವನಿಗೆ ಗೊತ್ತಿತ್ತು, ಇಷ್ಟು ಹೇಳಿದ ಮೇಲೂ ಅವಳು ಕಾಯುತ್ತಿದ್ದಾಳೆ. ಒಳಗೆ ಹೋಗದೆ ನಿಂತಿರುವುದು ಅದಕ್ಕೇ. ಬೇಡ ಎಂದರೆ ಸಾಕು. ಆದರೆ ಯಾವ ಬಾಯಲ್ಲಿ ಹೇಳುವುದು? ಬೇಡ ಎಂದರೆ ಅವಳು ಈಗ ಹೇಳಿದ್ದೆಲ್ಲ ನಿಜ ಎಂದಾಗುತ್ತದೆ. ಮಗಳ ತಲೆ ಮಗಳದೇ, ತನ್ನ ಆಸೆಯನ್ನು ಅವಳ ಬೆನ್ನಿಗೆ ಕಟ್ಟಿ ಕಳಿಸುವುದು ಯಾವ ನ್ಯಾಯ ಎಂದು ಒಂದು ಮನಸ್ಸು ಹೇಳಿತು. ಆ ನ್ಯಾಯದ ಮಾತಿನ ಹಿಂದೆ ಹಳೆಯ ಹೇಡಿತನವೇ ಬಟ್ಟೆ ಬದಲಿಸಿ ನಿಂತಿದೆ ಎಂದು ಇನ್ನೊಂದು ಹೇಳಿತು. ಎರಡರಲ್ಲಿ ಯಾವುದು ಸರಿ ಎಂದು ತೀರ್ಮಾನವಾಗುವ ಮೊದಲೇ ನಾಲಿಗೆಗೆ ಅಭ್ಯಾಸವಿದ್ದ ಮಾತು ಬಂದುಬಿಟ್ಟಿತು.

"ನಿನ್ನಿಷ್ಟ ಕಣಮ್ಮ."

ಕೇಳಿಸಿಕೊಂಡಾಗ ಅವನಿಗೇ ಮೈ ಜುಮ್ಮೆಂದಿತು. ಶೃತಿ ಇನ್ನೂ ಒಂದೆರಡು ಗಳಿಗೆ ನಿಂತು, "ಸರಿ," ಎಂದು ಒಳಗೆ ಹೋದಳು. ಗಾಜಿನ ಬಾಗಿಲು ತಾನಾಗಿ ಮುಚ್ಚಿಕೊಂಡಿತು. ಮೆಟ್ಟಿಲಿನ ಮೊಸಾಯಿಕ್ ಮೇಲೆ ಅವಳ ಕೂದಲಿನಿಂದ ಬಿದ್ದ ಹನಿಗಳು ಆರುವವರೆಗೂ ಅವನು ಅಲ್ಲೇ ನಿಂತಿದ್ದ.

ಆಮೇಲೆ ಕೆಳಗಿಳಿದು ಗಂಟೆಗಟ್ಟಲೆ ಸುಮ್ಮನೆ ಸುತ್ತಿದ. ಫುಟ್‌ಪಾತಿನಲ್ಲಿ ಬಳೆ, ಬ್ಯಾಗು, ಮಕ್ಕಳ ಬಟ್ಟೆ. ಎಳನೀರಿನವನು, ಮುಸುಕಿನ ಜೋಳದವನು. ಅವನ ಕಣ್ಣು ಹೆಂಗಸರ ತಲೆಗಳನ್ನು ಹುಡುಕಲು ಶುರು ಮಾಡಿತು. ನೆಟ್ಟಗಿನದು, ನೆಟ್ಟಗಿನದು, ಕೆಂಪು ಬಣ್ಣದ್ದು, ಮೊಳದುದ್ದದ ಜಡೆ, ಗಂಟು. ಒಬ್ಬಳು ಕಾಲೇಜು ಹುಡುಗಿಯದು ಗುಂಗುರಿತ್ತು; ಅದನ್ನು ಒಂದು ಕೊಡೆಯ ಹಾಗೆ ಬಿಚ್ಚಿಕೊಂಡು, ಗೆಳೆಯನ ಜೊತೆ ಐಸ್‌ಕ್ರೀಮ್ ತಿನ್ನುತ್ತ ನಡೆದಿದ್ದಳು. ಅವನು ನೋಡಿದ್ದು ಹೆಚ್ಚಾಯಿತೇನೋ, ಹುಡುಗ ತಿರುಗಿ ದುರುಗುಟ್ಟಿದ. ಚಿಕ್ಕಬೈರಪ್ಪ ತಲೆ ತಗ್ಗಿಸಿ ಬೇರೆ ಬೀದಿಗೆ ಹೊರಳಿದ. ಮಾಡದ ತಪ್ಪಿಗೆ ಸಿಕ್ಕಿಬಿದ್ದ ಅವಮಾನ. ಆದರೆ ಪೂರಾ ಮಾಡದ್ದೆಂದೂ ಹೇಳುವ ಹಾಗಿರಲಿಲ್ಲ. ಇದ್ದಕ್ಕಿದ್ದಂತೆ ಅವನಿಗೆ ತಾನು ಈಗಲೇ ಮೇಲೆ ಹೋಗಬೇಕು ಅನ್ನಿಸಿತು. ಆ ಹುಡುಗಿ ಏನೇ ಹೇಳಿರಲಿ, ಕ್ರೀಮು ಹಚ್ಚಿದರೂ ಇಸ್ತ್ರಿ ಹಾಕಿರಲಾರರು. ಇನ್ನೂ ಹೊತ್ತಿದೆ. ಬೇಡ ಕಣಮ್ಮ, ನಿಂಗೋಸ್ಕರ ಅಲ್ಲ, ನಂಗೋಸ್ಕರ ಬೇಡ, ನಂಗೆ ಅದು ಬೇಕು. ಇಷ್ಟೇ. ಜೋರಾಗಿ ನಡೆದ. ಮೆಟ್ಟಿಲನ್ನು ಎರಡೆರಡಾಗಿ ಹತ್ತಿದ. ಆತುರದಲ್ಲಿ ಬಾಗಿಲನ್ನು ನೂಕಿದ, ತೆರೆಯಲಿಲ್ಲ, ಮತ್ತೆ ನೂಕಿದ. ಒಳಗಿಂದ ಯಾರೋ, "ಅಂಕಲ್, ಎಳೀರಿ, ಎಳೀರಿ!" ಎಂದರು, ನಗು ಕೇಳಿಸಿತು. ಎಳೆದು ಒಳಗೆ ಹೋದ. ಕೌಂಟರಿನ ಹುಡುಗಿ ಏಳುವುದರೊಳಗೆ ಪರದೆ ದಾಟಿಬಿಟ್ಟಿದ್ದ.

ಶೃತಿ ದೊಡ್ಡ ಕನ್ನಡಿಯ ಮುಂದೆ ಕೂತಿದ್ದಳು. ತಲೆಯ ಒಂದು ಪಾಲು ಮುಗಿದಿತ್ತು. ಬಲಗಡೆಗೆ ಕೂದಲು ಕಪ್ಪು ಗಾಜಿನ ಹಾಗೆ, ಒಂದು ಎಳೆಯೂ ಅಲುಗದೆ, ಎದೆಯವರೆಗೆ ಇಳಿದಿತ್ತು. ಎಡಗಡೆಗೆ ಕ್ರೀಮು ತೊಳೆದು ಒಣಗಿಸಿದ ಕೂದಲು ಕ್ಲಿಪ್ಪುಗಳಲ್ಲಿ ಮುದುರಿಕೊಂಡು ಸರದಿ ಕಾಯುತ್ತಿತ್ತು. ಅದು ಗುಂಗುರೂ ಅಲ್ಲ, ನೆಟ್ಟಗೂ ಇಲ್ಲ, ಹೆದರಿದ ಪ್ರಾಣಿಯ ರೋಮದ ಹಾಗಿತ್ತು. ಭಾಗ್ಯಜ್ಯೋತಿ ಒಂದೊಂದೇ ತೆಳ್ಳನೆಯ ಪದರವನ್ನು ಬಾಚಣಿಗೆಯ ಮೇಲೆತ್ತಿ, ಕಾದ ಪಟ್ಟಿಗಳ ನಡುವೆ ಹಿಡಿದು, ಮೆಲ್ಲಗೆ ಕೆಳಗೆಳೆಯುತ್ತಿದ್ದಳು. ತೆಳುವಾಗಿ ಹೊಗೆ ಏಳುತ್ತಿತ್ತು. 'ಚಸ್' ಎಂದು ಸಣ್ಣ ಸದ್ದು. ಕನ್ನಡಿಯಲ್ಲಿ ಶೃತಿ ಅವನನ್ನು ಕಂಡಳು. ಅವಳ ಹುಬ್ಬು ಮೇಲೆದ್ದಿತು. ಆ ಮುಖದಲ್ಲಿ ಗಾಬರಿಯಿತ್ತು, ಅದರ ಕೆಳಗೆ ಇನ್ನೇನೋ, ಒಂದು ಎಳೆಯ ಆಸೆಯೂ ಇದ್ದ ಹಾಗಿತ್ತು. ಪಾರ್ಲರಿನವರೆಲ್ಲ ಅವನನ್ನೇ ನೋಡುತ್ತಿದ್ದರು.

"ಏನಪ್ಪ?"

ಅವನು ಬಾಯಿ ತೆರೆದ. "ಮೊಸರನ್ನ ತಂದ್ಕೊಡ್ಲಾ?" ಎಂದ.

"ಬೇಡಪ್ಪ," ಎಂದಳು ಶೃತಿ. ಆಮೇಲೆ, ಅವನು ಹಾಗೇ ನಿಂತಿದ್ದನ್ನು ಕಂಡು, ಮೆತ್ತಗೆ, "ಸರಿ, ತಗೊಂಬಾ," ಎಂದಳು.

ಎಲ್ಲ ಮುಗಿದು ಅವಳು ಹೊರಗೆ ಬಂದಾಗ ಬಿಸಿಲು ಇಳಿದಿತ್ತು. ಬೇರೆ ಯಾರೋ ಬರುತ್ತಿದ್ದಾರೆಂದು ಅವನು ಕಾಲು ಮಡಚಿ ದಾರಿ ಬಿಟ್ಟಿದ್ದ. ಅವಳ ಮುಖ ಚಿಕ್ಕದಾಗಿತ್ತು, ಕತ್ತು ಉದ್ದವಾಗಿತ್ತು. ಇಷ್ಟು ದಿನ ಕೂದಲಿನ ನೆರಳಲ್ಲಿದ್ದ ಕೆನ್ನೆಯ ಮೂಳೆ, ಕಿವಿಯ ಹತ್ತಿರದ ಒಂದು ಮಚ್ಚೆ, ಎಲ್ಲ ಬೆಳಕಿಗೆ ಬಂದಿದ್ದವು. ಈ ಮುಖ ಯಾರ ಹಾಗೂ ಇಲ್ಲ ಎಂದು ಅವನಿಗೆ ತೋರಿತು. ಅಪ್ಪನ ಕಡೆಯದಲ್ಲ, ಅಮ್ಮನ ಕಡೆಯದಲ್ಲ. ಒಬ್ಬಳು ಹುಡುಗಿ, ಶೃತಿ. ಮೂರು ದಿನ ನೀರು ಸೋಕಿಸಬಾರದು, ಕಟ್ಟಬಾರದು, ಕಿವಿಯ ಹಿಂದೆ ಸಿಕ್ಕಿಸಲೂಬಾರದು ಎಂದು ಹೇಳಿ ಕಳಿಸಿದ್ದರಂತೆ. ಕಾರಿನಲ್ಲಿ ಅವಳು ಸೀಟಿಗೆ ತಲೆ ಒರಗಿಸದೆ ನೇರ ಕೂತಿದ್ದಳು. ಮತ್ತೆ ಮತ್ತೆ ಕನ್ನಡಿ ಇಳಿಸಿ ನೋಡಿಕೊಳ್ಳುತ್ತಿದ್ದಳು, ತಲೆಯನ್ನು ಒಂದು ಕಡೆ ವಾಲಿಸಿದರೆ ಎಲ್ಲ ಕೂದಲೂ ಒಟ್ಟಿಗೆ ಜಾರಿ ಆ ಕಡೆ ಬರುವುದನ್ನು ಕಂಡು ಸಣ್ಣಗೆ ನಗುತ್ತಿದ್ದಳು. ಅವಳಿಗೆ ನಿಜವಾಗಿ ಸಂತೋಷವಾಗಿತ್ತು. ಆ ಸಂತೋಷ ಅವನಿಗೂ ತಾಗಿತು. ತಾಗಿ, ಒಳಗೆ ಎಲ್ಲೋ ನೋಯಿಸಿತು.

"ಚೆನ್ನಾಗಿದೆ," ಎಂದ. "ನಿನ್ನ ಮುಖ ಕಾಣ್ತಿದೆ."

ಶೃತಿ ತಿರುಗಿ ಅವನನ್ನು ನೋಡಿದಳು. ಗೇರಿನ ಮೇಲಿದ್ದ ಅವನ ಕೈಯನ್ನೊಮ್ಮೆ ಒತ್ತಿದಳು. ಕತ್ರಿಗುಪ್ಪೆಯ ಸಿಗ್ನಲ್ಲಿನಲ್ಲಿ ಗಾಡಿಗಳು ನಿಂತಾಗ, "ಅಪ್ಪ, ಗಿರಿನಗರದ ಮೇಲೆ ಹೋಗೋಣ್ವಾ? ಅಮ್ಮ ನೋಡ್ಬೇಕು ಅಂದಿದ್ಳು. ನೀನು ಕಾರಲ್ಲೇ ಇರು, ಐದು ನಿಮಿಷ ಅಷ್ಟೇ," ಎಂದಳು. ಅವನು ಮನೆಯ ಕಡೆಗೆಂದು ಎಡಕ್ಕೆ ಹಾಕಿದ್ದ ಇಂಡಿಕೇಟರನ್ನು ಬಲಕ್ಕೆ ಹಾಕಿದ. ಹಿಂದಿನ ಆಟೋದವನು ಹಾರ್ನ್ ಮಾಡಿ, "ಎಲ್ಲಿಗ್ ಹೋಗ್ತೀರ ಗುರು, ಮೊದ್ಲು ತೀರ್ಮಾನ ಮಾಡ್ಕೊಳ್ಳಿ!" ಎಂದು ಕೂಗಿದ.

ಅದೇ ಬೀದಿ. ಬೇಕರಿ ಇದ್ದ ಕಡೆ ಮೊಬೈಲ್ ಅಂಗಡಿ. ಮನೆಯ ಮುಂದೆ ಶೃತಿ ಇಳಿದು ಗೇಟಿನ ಚಿಲಕ ಬಡಿದಳು. ಅವನು ಕಾರಲ್ಲೇ ಇರುವವನಿದ್ದ. ಸ್ಟೀರಿಂಗ್ ಹಿಡಿದುಕೊಂಡೇ ಇದ್ದ. ಬಾಗಿಲು ತೆರೆದು ಒಬ್ಬ ಸಣಕಲು ಹೆಂಗಸು, ಮಾಸಲು ನೈಟಿಯ ಮೇಲೆ ಟವೆಲು ಹಾಕಿಕೊಂಡು, ಕನ್ನಡಕವನ್ನು ಮೇಲೆ ಸರಿಸುತ್ತ ಮೆಟ್ಟಿಲಿಳಿದಳು. ಕತ್ತರಿಸಿದ ಬಿಳಿ ಕೂದಲು, ಗುಂಗುರೋ ಅಲ್ಲವೋ ಹೇಳಲಾಗದಷ್ಟು ಗಿಡ್ಡ. ಪಂಕಜಳ ಅತ್ತಿಗೆಯೋ ತಾಯಿಯೋ ಎಂದುಕೊಂಡ. ಆ ಹೆಂಗಸು ಗೇಟಿನ ಹತ್ತಿರ ಬಂದು, ಪಂಕಜ ನಿಲ್ಲುತ್ತಿದ್ದ ಹಾಗೇ ಎಡಗೈಯನ್ನು ಸೊಂಟದ ಮೇಲಿಟ್ಟು ನಿಂತಾಗ ಅವನ ಕೈ ಕಾರಿನ ಬಾಗಿಲು ತೆರೆಯಿತು.

ಪಂಕಜ ಅವನನ್ನು ಇನ್ನೂ ನೋಡಿರಲಿಲ್ಲ. ಅವಳು ಮಗಳ ತಲೆಯನ್ನೇ ನೋಡುತ್ತಿದ್ದಳು. ಶೃತಿ ಒಂದು ಸುತ್ತು ತಿರುಗಿ ತೋರಿಸಿದಳು. ಕೂದಲು ರೇಷ್ಮೆಯ ಬಟ್ಟೆಯ ಹಾಗೆ ಹಾರಿ ಮತ್ತೆ ಜಾಗಕ್ಕೆ ಬಂದು ಕೂತಿತು. "ಹೆಂಗಿದೆಯಮ್ಮ?"

"ಚೆನ್ನಾಗಿದೆ ಪುಟ್ಟಿ," ಎಂದಳು ಪಂಕಜ. ಮುಟ್ಟಲು ಕೈ ಎತ್ತಿ, ಅರ್ಧದಲ್ಲೇ ನಿಲ್ಲಿಸಿ, "ಮುಟ್ಟಬಾರದು ಅಲ್ವಾ?" ಎಂದು ಹಿಂದಕ್ಕೆಳೆದುಕೊಂಡಳು. ಆಗ ಕಾರಿನ ಬಾಗಿಲ ಹತ್ತಿರ ನಿಂತವನನ್ನು ಕಂಡಳು.

ಶೃತಿ ಇಬ್ಬರನ್ನೂ ನೋಡಿ, "ಅಜ್ಜಿಗೆ ತೋರಿಸ್ಬರ್ತೀನಿ," ಎಂದು ಒಳಗೆ ಓಡಿದಳು. ಗೇಟು ಅರೆ ತೆರೆದಿತ್ತು. ಅವನು ಈಚೆ, ಅವಳು ಆಚೆ.

"ನಾನೇ ಹೇಳಿದ್ದು, ಮಾಡಿಸ್ಕೋ ಅಂತ," ಎಂದಳು ಪಂಕಜ, ಒಳಗಿನ ಬಾಗಿಲ ಕಡೆ ನೋಡುತ್ತ. ಕನ್ನಡಕ ತೆಗೆದು ಟವೆಲಿನ ಅಂಚಿನಿಂದ ಒರೆಸಿದಳು. "ಹೇಳಿದ್ದು ತಪ್ಪಲ್ಲ. ಆದ್ರೂ… ನೀವಾದ್ರೂ ಬೇಡ ಅನ್ಬೇಕಿತ್ತು."

"ಅನ್ಬೇಕು ಅಂತಾನೇ ಒಳಗೆ ಹೋದೆ."

"ಮತ್ತೆ?"

"ಮೊಸರನ್ನ ತಂದ್ಕೊಡ್ಲಾ ಅಂದೆ."

ಪಂಕಜ ಅವನ ಮುಖ ನೋಡಿದಳು. ನಗು ಅವಳಿಗೆ ಗೊತ್ತಿಲ್ಲದೆ ಬಂದುಬಿಟ್ಟಿತು. ಟವೆಲು ಬಾಯಿಗೆ ಒತ್ತಿಕೊಂಡು, ಭುಜ ಕುಲುಕುವಷ್ಟು ನಕ್ಕಳು. ನಗುತ್ತಲೇ ಇದ್ದವಳು ಯಾವಾಗ ನಗುವುದನ್ನು ಬಿಟ್ಟು ಅಳುವಿಗೆ ಹೊರಳಿದಳೋ ತಿಳಿಯಲಿಲ್ಲ, ಭುಜ ಹಾಗೇ ಕುಲುಕುತ್ತಿತ್ತು. ಅವನು ನೋಡುತ್ತ ನಿಂತ. ಈ ಬಿಳಿ ಗಿಡ್ಡ ತಲೆಯನ್ನು ಅವನು ಇಷ್ಟು ವರ್ಷದಲ್ಲಿ ಒಂದು ಸಲವೂ ನೆನೆದವನಲ್ಲ, ನೆನೆಯುತ್ತಿದ್ದುದು ಬೇರೊಂದನ್ನು. ಆದರೂ ಈಗ ಕೈ ಚಾಚಬೇಕು ಅನ್ನಿಸಿದ್ದು ಇದರ ಕಡೆಗೇ.

"ಒಳಗೆ ಬರ್ಬೇಕು ಅನ್ಸ್ತಿದೆ ನಂಗೆ," ಎಂದ. ಹೇಳಿದವನು ತಾನೇ ಹೌದೋ ಎಂದು ಅವನಿಗೇ ಅನುಮಾನವಾಯಿತು.

ಪಂಕಜ ಮುಖ ಒರೆಸಿಕೊಂಡಳು. ಕನ್ನಡಕ ಹಾಕಿಕೊಂಡಳು. ಪಕ್ಕದ ಮನೆಯ ಕುಕ್ಕರ್ ಕೂಗಿತು.

"ಇವತ್ತು ಬೇಡ," ಎಂದಳು.

ಅವನು ತಲೆಯಾಡಿಸಿದ. ಕಾರಿಗೆ ಒರಗಿ, ಮಗಳು ಬರಲೆಂದು ಕಾಯುತ್ತ ನಿಂತ. ಬೀದಿದೀಪ ಹತ್ತಿತು. ಒಳಗೆ ಶೃತಿಯ ಮಾತು, ಪಂಕಜಳ ತಾಯಿಯ ನಗು ಕೇಳಿಸುತ್ತಿತ್ತು. ಪಂಕಜ ಗೇಟನ್ನು ಮುಂದಕ್ಕೆ ತಂದು ಮುಚ್ಚಿದಳು, ಚಿಲಕ ಹಾಕಲಿಲ್ಲ, ಕಂಬಿಯ ಮೇಲೆ ಕೈಯಿಟ್ಟಳು. ಅವಳೂ ಒಳಗೆ ಹೋಗಲಿಲ್ಲ.